ಸಿಲಿಂಡರಿಗೊಂದು ಗಾಳಿಬಾಗಿಲು: ಚಿಕ್ಕ ಕಾರಿನ ಎಂಜಿನಿಗೆ ಪ್ರತ್ಯೇಕ ಥ್ರಾಟಲ್‌ಗಳ ಅಳವಡಿಕೆ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದ ತರುವಾಯ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವ ಘಟ್ಟದ ಮಾರ್ಗಗಳಿಗೆ ವಿಶೇಷ ಮಹತ್ತ್ವ ಬಂದಿತು. ಆ ಮಾರ್ಗಗಳನ್ನೂ ಬಂದರನ್ನೂ ಹತ್ತಿಯ ವ್ಯಾಪಾರವನ್ನೂ ಕುರಿತು ಇತಿಹಾಸಕಾರರು ಬರೆದಿದ್ದಾರೆ. ಆದರೆ ಅದೇ ಮಾರ್ಗಗಳಲ್ಲಿ ಮುಂದೆ ಓಡಿದ ಮೋಟಾರು ಯಂತ್ರಗಳನ್ನು ಕುರಿತಾಗಲಿ, ಅವುಗಳನ್ನು ಬಿಚ್ಚಿ ಜೋಡಿಸಿದ ಕೈಗಳ ಜಾಣ್ಮೆಯನ್ನು ಕುರಿತಾಗಲಿ ನಮ್ಮಲ್ಲಿ ಬರವಣಿಗೆ ಅತ್ಯಲ್ಪ. ದೇವಾಲಯದ ಕಂಬದ ಕೆತ್ತನೆಯನ್ನು ಅಳೆದು ಬರೆದಿಡುವ ನಾವು, ಗ್ಯಾರೇಜಿನ ಕೆಲಸವನ್ನು ಬರೆದಿಡಲು ತಕ್ಕ ವಿಷಯವೆಂದು ಇನ್ನೂ ಎಣಿಸಿಲ್ಲ.

ಈ ಕೊರತೆಯನ್ನು ಒಂದು ಚಿಕ್ಕ ಉದಾಹರಣೆಯಿಂದ ತುಂಬಲು ಇಲ್ಲಿ ಯತ್ನಿಸಿದ್ದೇವೆ. ಹಿಂಬದಿಯ ಬಾಗಿಲು ಮೇಲಕ್ಕೆ ತೆರೆಯುವ ಚಿಕ್ಕ ಕಾರಿಗೆ ಬಲವಾದ ಎಂಜಿನನ್ನು ಕೂಡಿಸಿ ವೇಗಕ್ಕೆ ಸಿದ್ಧಗೊಳಿಸಿದರೆ ಅದನ್ನು ‘ಹಾಟ್ ಹ್ಯಾಚ್’ ಎಂದು ಕರೆಯುವುದು ವಾಡಿಕೆ. 1976ರಲ್ಲಿ ಮಾರಾಟಕ್ಕೆ ಬಂದ ಜರ್ಮನಿಯ ಗಾಲ್ಫ್ ಜಿಟಿಐ ಈ ವರ್ಗಕ್ಕೆ ಹೆಸರು ತಂದಿತು. ಇಂತಹ ಎಂಜಿನಿನಲ್ಲಿ ಎಲ್ಲ ಸಿಲಿಂಡರುಗಳಿಗೂ ಗಾಳಿಯನ್ನು ಬಿಡುವ ಒಂದೇ ಬಾಗಿಲನ್ನು ತೆಗೆದು, ಸಿಲಿಂಡರಿಗೊಂದರಂತೆ ಪ್ರತ್ಯೇಕ ಬಾಗಿಲುಗಳನ್ನು ಇಡುವ ಪದ್ಧತಿಯೇ ನಮ್ಮ ವಿಷಯ. ಇದರಿಂದ ಶಕ್ತಿ ಹೆಚ್ಚುತ್ತದೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ದೊರೆಯುವುದೆಷ್ಟೋ ಕಳೆದುಹೋಗುವುದೂ ಅಷ್ಟೇ ಇದೆ. ಕಳೆದುದನ್ನು ಮತ್ತೆ ಕಟ್ಟಿಕೊಡದ ಕೆಲಸವು ಅಪೂರ್ಣ ಮಾತ್ರವಲ್ಲ, ಅಪಾಯಕರವೂ ಹೌದು. ಕಾರವಾರದಿಂದ ಅಂಕೋಲೆಗೂ ಅಲ್ಲಿಂದ ಅರಬೈಲು ಘಟ್ಟವನ್ನೇರಿ ಯಲ್ಲಾಪುರಕ್ಕೂ ಹೋಗುವ ದಾರಿಯನ್ನು ಕಣ್ಣಮುಂದಿರಿಸಿಕೊಂಡರೆ ಈ ಮಾತು ಸ್ಪಷ್ಟವಾಗುವುದು.

2. ಎಂಜಿನಿನ ಉಸಿರಾಟ

ಪೆಟ್ರೋಲ್ ಎಂಜಿನು ಹೆಚ್ಚುಕಡಿಮೆ 14.7 ಪಾಲು ತೂಕದ ಗಾಳಿಗೆ 1 ಪಾಲು ಪೆಟ್ರೋಲನ್ನು ಬೆರೆಸಿ ಉರಿಸುತ್ತದೆ. ಆದುದರಿಂದ ಚಾಲಕನು ಕಾಲಿನಿಂದ ಒತ್ತುವ ಪೆಡಲು ಪೆಟ್ರೋಲನ್ನಲ್ಲ, ಗಾಳಿಯನ್ನು ಆಳುತ್ತದೆ. ಗಾಳಿಯ ಕೊಳವೆಯಲ್ಲಿ ನಾಣ್ಯದಂತಹ ದುಂಡು ತಗಡೊಂದು ನಡುವಿನ ಕಡ್ಡಿಯ ಮೇಲೆ ತಿರುಗುತ್ತದೆ. ಇದೇ ಥ್ರಾಟಲಿನ ಚಿಟ್ಟೆ ಕವಾಟ. ಅದರ ಆಚೆಗೆ ಒಂದು ಗಾಳಿಕೊಠಡಿ. ಕೊಠಡಿಯಿಂದ ಪ್ರತಿ ಸಿಲಿಂಡರಿಗೂ ಒಂದೊಂದು ಕವಲು ಕೊಳವೆ.

ಭಾರತದಲ್ಲಿ 2005ರಲ್ಲಿ ಬಿಡುಗಡೆಯಾಗಿ 2010ರವರೆಗೆ 1.3 ಲೀಟರಿನ ಪೆಟ್ರೋಲ್ ಎಂಜಿನಿನೊಡನೆ ಮಾರಾಟವಾದ ಮಾರುತಿ ಸ್ವಿಫ್ಟ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಎಂಜಿನಿನ ಗಾತ್ರ 1298 ಘನ ಸೆಂಟಿಮೀಟರ್, ಸಿಲಿಂಡರುಗಳು 4. ಆದಕಾರಣ ಒಂದು ಸಿಲಿಂಡರಿನ ಪಾಲಿಗೆ ಸುಮಾರು 324 ಘನ ಸೆಂಟಿಮೀಟರ್ ಬರುತ್ತದೆ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಪ್ರತಿ ಸಿಲಿಂಡರು ಸೆಕೆಂಡಿಗೆ 50 ಸಲ ಉಸಿರೆಳೆಯಬೇಕು. ಪೂರ್ತಿ ತುಂಬಿತೆಂದು ಎಣಿಸಿದರೆ ಒಂದೊಂದು ಸಿಲಿಂಡರು ಸೆಕೆಂಡಿಗೆ 16 ಲೀಟರು, ಇಡೀ ಎಂಜಿನು ಸುಮಾರು 65 ಲೀಟರು ಗಾಳಿಯನ್ನು ಸೆಳೆಯುತ್ತದೆ. ಈ ನಾಲ್ಕು ಉಸಿರುಗಳೂ ಒಂದೇ ಬಾಗಿಲಿನಿಂದ, ಒಂದೇ ಕೊಠಡಿಯ ಮೂಲಕ ಸಾಗಬೇಕಾಗಿರುವುದು ಸಾಮಾನ್ಯ ಏರ್ಪಾಡು.

3. ಪೂರ್ವ ಚರಿತ್ರೆ

ಒಂದು ಸಿಲಿಂಡರಿಗೆ ಒಂದು ಗಂಟಲು ಎಂಬುದು ಹೊಸ ಕಲ್ಪನೆಯೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ 250 ಸಿಸಿ ಮೋಟಾರ್ ಸೈಕಲ್ಲಿಗೆ ಇದ್ದುದೇ ಒಂದು ಸಿಲಿಂಡರು. ಅದಕ್ಕೆ ಒಂದು ಕಾರ್ಬ್ಯುರೇಟರು. ಅಲ್ಲಿ ಹಂಚಿಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ. 1983ರಲ್ಲಿ ಬಂದ ರಾಜದೂತ್ 350ಕ್ಕೆ ಎರಡು ಸಿಲಿಂಡರು, ಎರಡು ಕಾರ್ಬ್ಯುರೇಟರು. ಇವೆರಡನ್ನೂ ಒಂದೇ ಸಮಕ್ಕೆ ತೆರೆಯುವಂತೆ ಕೇಬಲ್ಲುಗಳನ್ನು ಹೊಂದಿಸುವುದು ಮೆಕ್ಯಾನಿಕ್ಕನ ಕೈಚಳಕಕ್ಕೆ ಪರೀಕ್ಷೆಯಾಗಿತ್ತು. ಒಂದು ಕೂದಲೆಳೆಯಷ್ಟು ಮೊದಲು ತೆರೆದರೂ ಗಾಡಿ ನಡುಗುತ್ತಿತ್ತು. ನಾವು ಮುಂದೆ ವಿವರಿಸಲಿರುವ ಕೆಲಸದ ಬೀಜವು ಇಲ್ಲಿಯೇ ಇದೆ.

ಕಾರುಗಳ ಮಾತು ಬೇರೆ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ನಾಲ್ಕು ಸಿಲಿಂಡರಿಗೆ ಒಂದೇ ಕಾರ್ಬ್ಯುರೇಟರು. 1983ರ ಮಾರುತಿ 800ರಲ್ಲಿ ಮೂರು ಸಿಲಿಂಡರಿಗೆ ಒಂದು. ಮುಂದೆ ಇಂಜೆಕ್ಷನ್ ಪದ್ಧತಿ ಬಂದಾಗ ಪ್ರತಿ ಸಿಲಿಂಡರಿಗೂ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಪ್ರತ್ಯೇಕವಾಯಿತು. ಗಾಳಿಯ ಬಾಗಿಲು ಮಾತ್ರ ಸಮಾನವಾಗಿಯೇ ಉಳಿಯಿತು. ಎಂದರೆ ಅನ್ನವನ್ನು ಎಲೆಗೆಲೆಗೆ ಬೇರೆಬೇರೆಯಾಗಿ ಬಡಿಸಿದರೂ ನೀರಿನ ಹಂಡೆ ಎಲ್ಲರಿಗೂ ಒಂದೇ ಎಂಬಂತಾಯಿತು.

ಪಂದ್ಯದ ಕಾರುಗಳಲ್ಲಿ ಈ ವಿಭಾಗವು ಬಹು ಹಿಂದೆಯೇ ನಡೆದಿತ್ತು. 1923ರಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಎದೊಆರ್ದೊ ವೆಬರ್ ಆರಂಭಿಸಿದ ಸಂಸ್ಥೆಯು ಮುಂದೆ ಎರಡು ಗಂಟಲಿನ ಅಡ್ಡ ಕಾರ್ಬ್ಯುರೇಟರುಗಳಿಗೆ ಪ್ರಸಿದ್ಧವಾಯಿತು. ಅಂಥವು ಎರಡಿದ್ದರೆ ನಾಲ್ಕು ಸಿಲಿಂಡರಿಗೆ ನಾಲ್ಕು ಗಂಟಲು; 1962ರ ಲೋಟಸ್ ಎಲಾನ್ ಕಾರಿನದು ಇದೇ ಏರ್ಪಾಡು. ಇಂಜೆಕ್ಷನ್ ಯುಗದಲ್ಲಿ 1986ರ ಬಿಎಂಡಬ್ಲ್ಯು ಎಂ3, 1990ರ ನಿಸಾನ್ ಪಲ್ಸರ್ ಜಿಟಿಐ-ಆರ್, 1991ರಲ್ಲಿ ಬಂದ ಟೊಯೋಟಾದ 1.6 ಲೀಟರಿನ 20 ಕವಾಟಗಳ ಎಂಜಿನು ಇವುಗಳಲ್ಲಿ ಕಾರ್ಖಾನೆಯೇ ಸಿಲಿಂಡರಿಗೊಂದು ಥ್ರಾಟಲನ್ನಿಟ್ಟಿತು. ಇವುಗಳಲ್ಲಿ ಪಲ್ಸರ್ ನಮ್ಮ ವಿಷಯಕ್ಕೆ ಒಪ್ಪುವ ಚಿಕ್ಕ ಹ್ಯಾಚ್ ಕಾರೇ ಆಗಿದೆ.

4. ದೊರೆಯುವ ಲಾಭ

ಲಾಭವು ಮೂರು ಬಗೆಯದು. ಮೊದಲನೆಯದು ತತ್‌ಕ್ಷಣದ ಪ್ರತಿಕ್ರಿಯೆ. ಸಾಮಾನ್ಯ ಏರ್ಪಾಡಿನಲ್ಲಿ ಪೆಡಲೊತ್ತಿದಾಗ ಮೊದಲು ಕೊಠಡಿ ತುಂಬಬೇಕು, ಬಳಿಕ ಸಿಲಿಂಡರು. ಬಾಗಿಲು ಸಿಲಿಂಡರಿನ ಹತ್ತಿರಕ್ಕೇ ಬಂದರೆ ನಡುವೆ ತುಂಬಬೇಕಾದ ಗಾಳಿ ಅತ್ಯಲ್ಪವಾಗುವುದರಿಂದ ಎಂಜಿನು ಕಾಲಿನ ಮಾತನ್ನು ಒಡನೆಯೇ ಕೇಳುತ್ತದೆ.

ಎರಡನೆಯದು ನೆರೆಹೊರೆಯ ತೊಂದರೆ ತಪ್ಪುವುದು. ವೇಗಕ್ಕೆ ಸಿದ್ಧಪಡಿಸಿದ ಎಂಜಿನಿನ ಕ್ಯಾಮ್‌ಶಾಫ್ಟು ಒಳಗವಾಟವನ್ನೂ ಹೊರಗವಾಟವನ್ನೂ ಕೆಲಹೊತ್ತು ಒಟ್ಟಿಗೆ ತೆರೆದಿಡುತ್ತದೆ. ನಿಧಾನದ ಓಟದಲ್ಲಿ ಉರಿದ ಹೊಗೆಯು ಹಿಮ್ಮುಖವಾಗಿ ಗಾಳಿಯ ಕೊಳವೆಗೆ ನುಗ್ಗುತ್ತದೆ. ಕೊಠಡಿ ಒಂದೇ ಆಗಿದ್ದರೆ ಒಬ್ಬನ ಹೊಗೆ ನಾಲ್ವರ ಪಾಲಿಗೂ ಬೆರೆತು ಎಂಜಿನು ಕುಂಟುತ್ತದೆ. ಪ್ರತ್ಯೇಕ ಬಾಗಿಲುಗಳಿದ್ದರೆ ಹೊಗೆಯು ತನ್ನ ಕೊಳವೆಯಲ್ಲಿಯೇ ಉಳಿಯುತ್ತದೆ. ಉಗ್ರವಾದ ಕ್ಯಾಮ್ ಇದ್ದರೂ ಎಂಜಿನು ನಿಂತಲ್ಲಿ ಸಹ್ಯವಾಗಿ ಓಡುವುದು ಇದರಿಂದಲೇ. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ ಪ್ರಯೋಜನ.

ಮೂರನೆಯದು ಗಾಳಿಯಲೆಯ ಸಹಾಯ. ಒಳಗವಾಟ ತೆರೆದಾಗ ಹುಟ್ಟಿದ ಒತ್ತಡದ ಅಲೆಯು ಕೊಳವೆಯ ಬಾಯಿಯವರೆಗೆ ಹೋಗಿ ಹಿಂತಿರುಗುತ್ತದೆ. ನಮ್ಮ ಕರಾವಳಿಯ ಬಿಸಿಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರು. ಕವಾಟದಿಂದ ಬಾಯಿಯವರೆಗೆ 35 ಸೆಂಟಿಮೀಟರ್ ಉದ್ದವಿದ್ದರೆ ಹೋಗಿ ಬರಲು ಸೆಕೆಂಡಿನ 500ರಲ್ಲೊಂದು ಪಾಲು ಬೇಕು. 6000 ಸುತ್ತಿನ ವೇಗದಲ್ಲಿ ಅಷ್ಟರೊಳಗೆ ಕ್ರ್ಯಾಂಕು 72 ಡಿಗ್ರಿ ತಿರುಗಿರುತ್ತದೆ. ಹಿಂತಿರುಗಿದ ಅಲೆಯು ಕವಾಟ ಮುಚ್ಚುವ ಮುನ್ನ ತಲಪಿದರೆ ಮತ್ತಷ್ಟು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಕೊಳವೆ ಉದ್ದವಾದಷ್ಟೂ ಕಡಿಮೆ ವೇಗದಲ್ಲಿ, ಗಿಡ್ಡವಾದಷ್ಟೂ ಹೆಚ್ಚು ವೇಗದಲ್ಲಿ ಈ ಸಹಾಯ ದೊರೆಯುವುದು. ಪ್ರತ್ಯೇಕ ಥ್ರಾಟಲುಗಳಿಗೆ ಕಹಳೆಯ ಬಾಯಿಯಂತಹ ತುದಿಗಳನ್ನು ಜೋಡಿಸಿ ಈ ಉದ್ದವನ್ನು ಬೇಕಾದಂತೆ ಆರಿಸಬಹುದು. ಆದರೆ ಚೆನ್ನಾಗಿ ರೂಪಿಸಿದ ಕೊಠಡಿಯಿಂದಲೂ ಪೂರ್ಣ ವೇಗದಲ್ಲಿ ಹೆಚ್ಚುಕಡಿಮೆ ಇದೇ ಶಕ್ತಿಯನ್ನು ಪಡೆಯಬಹುದೆಂಬುದನ್ನು ಮರೆಯಲಾಗದು. ಕ್ಯಾಮ್, ಕವಾಟ, ಹೊಗೆಕೊಳವೆ ಯಾವುದನ್ನೂ ಬದಲಿಸದ ಎಂಜಿನಿಗೆ ಈ ವೆಚ್ಚ ಬಹುಮಟ್ಟಿಗೆ ವ್ಯರ್ಥ.

5. ಅಳವಡಿಸುವ ಕ್ರಮ

ಕಾರಿಗೆಂದೇ ತಯಾರಾದ ಥ್ರಾಟಲುಗಳು ದುಬಾರಿಯಾದುದರಿಂದ ಸುಜುಕಿ ಜಿಎಸ್‌ಎಕ್ಸ್-ಆರ್‌ನಂತಹ ನಾಲ್ಕು ಸಿಲಿಂಡರಿನ ಮೋಟಾರ್ ಸೈಕಲ್ಲುಗಳ ಹಳೆಯ ಥ್ರಾಟಲುಗಳನ್ನು ಬಳಸುವ ರೂಢಿ ಲೋಕದಲ್ಲೆಲ್ಲ ಇದೆ. ಇವುಗಳ ಗಂಟಲುಗಳ ನಡುವಿನ ಅಂತರವು ಕಾರಿನ ಸಿಲಿಂಡರುಗಳ ಅಂತರಕ್ಕೆ ಹೊಂದುವುದಿಲ್ಲ. ಬಿಡಿಸಿ, ನಡುವಿನ ಕಡ್ಡಿಗಳನ್ನು ಹೊಸದಾಗಿ ಮಾಡಬೇಕು. ಬಳಿಕ ಸಿಲಿಂಡರ್ ಹೆಡ್ಡಿಗೆ ಕೂಡುವ ದಪ್ಪನೆಯ ಅಲ್ಯುಮಿನಿಯಂ ಫಲಕವನ್ನು ಕೊರೆದು ಅದಕ್ಕೆ ನಾಲ್ಕು ಗಿಡ್ಡ ಕೊಳವೆಗಳನ್ನು ಬೆಸೆಯಬೇಕು. ಕೊಳವೆಯ ಒಳಮೈ ಹೆಡ್ಡಿನ ರಂಧ್ರಕ್ಕೆ ಮೆಟ್ಟಿಲಿಲ್ಲದಂತೆ ಕೂಡಬೇಕು. ಗ್ಯಾಸ್ಕೆಟ್ ಒಳಕ್ಕೆ ಚಾಚಿರಬಾರದು. ಎಲ್ಲಿಯಾದರೂ ಸೂಜಿಮೊನೆಯಷ್ಟು ಗಾಳಿ ಕದ್ದು ನುಗ್ಗಿದರೂ ಆ ಸಿಲಿಂಡರು ಮಾತ್ರ ಪೆಟ್ರೋಲು ಸಾಲದೆ ಕಾಯುತ್ತದೆ.

ಗಂಟಲಿನ ಅಗಲವನ್ನು ಆರಿಸುವಾಗ ಅತ್ಯಾಶೆ ಸಲ್ಲದು. 50 ಮಿಲಿಮೀಟರಿನ ಒಂದು ಗಂಟಲಿನ ಕ್ಷೇತ್ರಫಲ ಸುಮಾರು 19.6 ಚದರ ಸೆಂಟಿಮೀಟರ್. 40 ಮಿಲಿಮೀಟರಿನ ನಾಲ್ಕು ಗಂಟಲುಗಳದು ಒಟ್ಟು 50 ಚದರ ಸೆಂಟಿಮೀಟರ್. ಬಾಗಿಲು ಎರಡೂವರೆ ಪಟ್ಟು ದೊಡ್ಡದಾಯಿತು. ಪೆಡಲನ್ನು ತುಸುವೇ ಮುಟ್ಟಿದರೂ ಕಾರು ಮುಂದಕ್ಕೆ ನೆಗೆಯುವುದು ಇದರ ಫಲ. ಆದುದರಿಂದ ಮೊದಲು ನಿಧಾನವಾಗಿಯೂ ಆಮೇಲೆ ಬೇಗನೆಯೂ ತೆರೆಯುವಂತೆ ಕೇಬಲ್ಲಿನ ರಾಟೆಯನ್ನು ರೂಪಿಸಬೇಕು. ಮುಚ್ಚುವ ಸ್ಪ್ರಿಂಗುಗಳು ಎರಡಿರಬೇಕು. ಒಂದು ಮುರಿದರೂ ಇನ್ನೊಂದು ಬಾಗಿಲನ್ನು ಮುಚ್ಚಬೇಕು.

ತರುವಾಯದ ಕೆಲಸವೇ ನಾಲ್ಕನ್ನೂ ಸಮಗೊಳಿಸುವುದು. ಪೂರ್ಣ ತೆರೆದಾಗ ಕೂದಲೆಳೆಯ ಅಂತರ ಲೆಕ್ಕಕ್ಕಿಲ್ಲ. ಮುಚ್ಚಿದಾಗ ಅದೇ ಅಂತರ ಸರ್ವಸ್ವ. ಎಂಜಿನು ಪೂರ್ತಿ ಬಿಸಿಯಾದ ಮೇಲೆ ಒಂದು ಗಂಟಲನ್ನು ಪ್ರಮಾಣವೆಂದಿರಿಸಿಕೊಂಡು, ಗಾಳಿಯ ಹರಿವನ್ನಳೆಯುವ ಮಾಪಕವನ್ನು ಬಾಯಿಬಾಯಿಗೂ ಹಿಡಿದು, ಇಲ್ಲವೆ ಪಾದರಸದ ನಾಲ್ಕು ಕಂಬಗಳನ್ನು ಜೋಡಿಸಿ, ಉಳಿದ ಮೂರನ್ನು ಅದಕ್ಕೆ ಹೊಂದಿಸಬೇಕು. ನಿಂತಲ್ಲಿ ಸಮವಾದ ಮೇಲೆ 2500 ಸುತ್ತಿನ ಆಸುಪಾಸಿನಲ್ಲಿ ಮತ್ತೊಮ್ಮೆ ನೋಡಬೇಕು. ರಾಜದೂತಿನ ಎರಡು ಕೇಬಲ್ಲುಗಳನ್ನು ಕಿವಿಯಿಂದಲೇ ಹೊಂದಿಸುತ್ತಿದ್ದ ಮೆಕ್ಯಾನಿಕ್ಕಿಗೆ ಇದರ ತತ್ತ್ವವನ್ನು ಹೇಳಿಕೊಡಬೇಕಾದುದಿಲ್ಲ.

6. ಕಳೆದುಹೋಗುವ ಸಾಕ್ಷ್ಯ

ಇಲ್ಲಿಯವರೆಗಿನದು ಕೈಗೆಲಸ. ಕೊಠಡಿಯನ್ನು ತೆಗೆದುದರ ನಿಜವಾದ ಪರಿಣಾಮ ಇನ್ನು ಮುಂದೆ ಕಾಣಿಸುತ್ತದೆ. ಆ ಕೊಠಡಿಯು ಬರಿಯ ಗಾಳಿಯ ಉಗ್ರಾಣವಾಗಿರಲಿಲ್ಲ. ಅದು ಎಂಜಿನಿನ ಸ್ಥಿತಿಗೆ ಸಾಕ್ಷಿಯೂ ಆಗಿತ್ತು. ಅದರೊಳಗಿನ ಒತ್ತಡವನ್ನು ಓದಿ, ಎಂಜಿನು ಎಷ್ಟು ಭಾರ ಎಳೆಯುತ್ತಿದೆ, ಎಷ್ಟು ಪೆಟ್ರೋಲು ಬೇಕು ಎಂಬುದನ್ನು ಅನೇಕ ಕಾರುಗಳ ಗಣಕವು ನಿರ್ಣಯಿಸುತ್ತದೆ. ಬ್ರೇಕಿನ ಬೂಸ್ಟರಿಗೆ ಬೇಕಾದ ನಿರ್ವಾತವೂ ಅಲ್ಲಿಂದಲೇ ದೊರೆಯುತ್ತದೆ. ನಾಲ್ಕು ಪಾಲು ಮಾಡಿದೊಡನೆ ನಾಲ್ಕು ಕೊಳವೆಗಳಲ್ಲಿ ನಾಲ್ಕು ಬಗೆಯಾಗಿ ಏರಿಳಿಯುವ ಒತ್ತಡಗಳು ಉಳಿಯುತ್ತವೆ. ನಂಬತಕ್ಕ ಒಂದು ಸಾಕ್ಷ್ಯ ಉಳಿಯುವುದಿಲ್ಲ. ಕೂಡುಕುಟುಂಬದ ಆಸ್ತಿಯನ್ನು ಹಿಸ್ಸೆ ಮಾಡಿಕೊಂಡವರು ಲೆಕ್ಕದ ಪುಸ್ತಕವನ್ನೂ ನಾಲ್ಕಾಗಿ ಹರಿದುಕೊಂಡಂತಾಗುತ್ತದೆ.

ಇದಕ್ಕೆ ಒಂದು ಪರಿಹಾರವೆಂದರೆ, ಒತ್ತಡವನ್ನು ಬಿಟ್ಟು ಚಿಟ್ಟೆ ಕವಾಟದ ಕೋನವನ್ನೂ ಎಂಜಿನಿನ ಸುತ್ತನ್ನೂ ಆಧರಿಸಿ ಪೆಟ್ರೋಲನ್ನು ನಿರ್ಣಯಿಸುವುದು. ಪಂದ್ಯದ ಮೈದಾನದಲ್ಲಿ ಇದು ಸಾಕಾಗಬಹುದು. ನಮ್ಮ ದಾರಿಯಲ್ಲಿ ಸಾಲದು. ಅಂಕೋಲೆಯು ಸಮುದ್ರದ ಮಟ್ಟದಲ್ಲಿದೆ. ಯಲ್ಲಾಪುರವು 500 ಮೀಟರಿಗೂ, ಹುಬ್ಬಳ್ಳಿಯು 600 ಮೀಟರಿಗೂ ಮೇಲಿವೆ. 600 ಮೀಟರ್ ಎತ್ತರದಲ್ಲಿ ವಾಯುಭಾರವು ಸುಮಾರು ನೂರಕ್ಕೆ 7ರಷ್ಟು ತಗ್ಗುತ್ತದೆ. ಕವಾಟದ ಕೋನವು ಈ ಸಂಗತಿಯನ್ನು ಅರಿಯದು. ಅಂಕೋಲೆಯಲ್ಲಿ ಸರಿಯಾಗಿ ಬೆರೆಸಿದ 14.7ರ ಪ್ರಮಾಣವು ಅದೇ ಉಷ್ಣತೆಯಿದ್ದರೂ ಘಟ್ಟದ ಮೇಲೆ 13.7ಕ್ಕೆ ಇಳಿದು ಪೆಟ್ರೋಲು ಹೆಚ್ಚಾಗುತ್ತದೆ. ಮೇಲಿನಿಂದ ಹೊಂದಿಸಿಕೊಂಡು ಕೆಳಗಿಳಿದರೆ ತದ್ವಿರುದ್ಧವಾಗಿ ಪೆಟ್ರೋಲು ಸಾಲದೆ ಎಂಜಿನು ಕಾಯುತ್ತದೆ. ಎರಡನೆಯದೇ ಹೆಚ್ಚು ಹಾನಿಕರ. ಆದಕಾರಣ ವಾಯುಭಾರವನ್ನೂ ಗಾಳಿಯ ಉಷ್ಣತೆಯನ್ನೂ ಅಳೆಯುವ ಪ್ರತ್ಯೇಕ ಮಾಪಕಗಳು ಅವಶ್ಯ. ಅಲ್ಲದೆ, ನಾಲ್ಕು ಕೊಳವೆಗಳಿಂದಲೂ ಸಣ್ಣ ನಾಳಗಳನ್ನೆಳೆದು ಒಂದು ಚಿಕ್ಕ ಡಬ್ಬಿಯಲ್ಲಿ ಕೂಡಿಸಿದರೆ ಏರಿಳಿತಗಳು ಒಂದನ್ನೊಂದು ತಣಿಸಿ, ಓದಬಹುದಾದ ಒತ್ತಡವು ಮತ್ತೆ ದೊರೆಯುತ್ತದೆ.

ಬ್ರೇಕಿನ ವಿಷಯವು ಇನ್ನೂ ಗುರುತರವಾದುದು. 20 ಸೆಂಟಿಮೀಟರ್ ವ್ಯಾಸದ ಬೂಸ್ಟರಿನ ಪೊರೆಯ ಕ್ಷೇತ್ರಫಲ 314 ಚದರ ಸೆಂಟಿಮೀಟರ್. ಅದರ ಎರಡು ಬದಿಗಳ ನಡುವೆ 0.6 ಬಾರ್ ವ್ಯತ್ಯಾಸವಿದ್ದರೆ ಸುಮಾರು 190 ಕಿಲೋಗ್ರಾಂ ಭಾರದಷ್ಟು ಬಲವು ಚಾಲಕನ ಕಾಲಿಗೆ ನೆರವಾಗುತ್ತದೆ. ವ್ಯತ್ಯಾಸವು ಅರ್ಧಕ್ಕಿಳಿದರೆ ನೆರವೂ ಅರ್ಧಕ್ಕಿಳಿಯುತ್ತದೆ. ಗೇರಿನಲ್ಲಿಯೇ ಪೆಡಲು ಬಿಟ್ಟು ಅರಬೈಲು ಘಟ್ಟವನ್ನು ಇಳಿಯುವಾಗ ನಿರ್ವಾತ ಹುಟ್ಟುವುದು ನಿಜ. ಆದರೆ ಭಾರದ ಲಾರಿಯೊಂದರ ಹಿಂದೆ, ಕ್ಲಚ್ಚನ್ನೊತ್ತಿ, ತಿರುವಿನಿಂದ ತಿರುವಿಗೆ ಪದೇ ಪದೇ ಬ್ರೇಕು ಹಾಕುತ್ತ ಇಳಿಯುವವನಿಗೆ ಉಳಿಯುವುದು ನಿಂತಲ್ಲಿ ಓಡುವ ಎಂಜಿನಿನ ದುರ್ಬಲ ನಿರ್ವಾತ ಮಾತ್ರ. ಅದನ್ನೂ ಒಂದೇ ಕೊಳವೆಯ ಕಿರುನಾಳದಿಂದ ಪಡೆದಿದ್ದರೆ ಬೂಸ್ಟರು ಮತ್ತೆ ತುಂಬುವ ಮುನ್ನವೇ ಮುಂದಿನ ತಿರುವು ಬಂದಿರುತ್ತದೆ. ಆಗ ಪೆಡಲು ಕಲ್ಲಾಗುತ್ತದೆ. ನಾಲ್ಕು ಕೊಳವೆಗಳಿಂದಲೂ ಏಕಮುಖ ಕವಾಟಗಳ ಮೂಲಕ ನಿರ್ವಾತವನ್ನು ಒಂದು ಶೇಖರಣ ಪಾತ್ರೆಗೆ ಕೂಡಿಸುವುದು, ಇಲ್ಲವೆ ವಿದ್ಯುತ್ತಿನ ನಿರ್ವಾತ ಪಂಪನ್ನು ಇಡುವುದು ಕಡ್ಡಾಯವೆಂದೇ ನಾವು ಭಾವಿಸುತ್ತೇವೆ. ಶಕ್ತಿಯ ಲೆಕ್ಕಕ್ಕೆ ಇವು ಸೇರುವುದಿಲ್ಲ. ಜೀವದ ಲೆಕ್ಕಕ್ಕೆ ಸೇರುತ್ತವೆ.

7. ಉಪ್ಪು ಮತ್ತು ಮಳೆ

1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ಉಪ್ಪನ್ನು ಮರೆತು ಯಂತ್ರದ ಮಾತನಾಡುವಂತಿಲ್ಲ. ಕಾರವಾರದಿಂದ ಬಿಣಗಾ, ಅಮದಳ್ಳಿ, ಅವರ್ಸಾಗಳ ಮೂಲಕ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಬಹುದೂರ ಸಮುದ್ರದ ಸಮೀಪದಲ್ಲಿಯೇ ಇದೆ. ಕಡಲಗಾಳಿಯಲ್ಲಿ ಉಪ್ಪು, ಬೇಸಿಗೆಯಲ್ಲಿ ನುಣುಪಾದ ಮರಳು, ಮಳೆಗಾಲದಲ್ಲಿ ನೀರು. ಕಾರವಾರದ ವಾರ್ಷಿಕ ಮಳೆ 3000 ಮಿಲಿಮೀಟರಿನ ಆಸುಪಾಸಿನದು. ಚಿತ್ರಗಳಲ್ಲಿ ಕಾಣುವಂತೆ ಬಾಯಿ ತೆರೆದ ಕಹಳೆಗಳನ್ನು ಹಾಗೆಯೇ ಬಿಟ್ಟರೆ ಮರಳು ನೇರವಾಗಿ ಸಿಲಿಂಡರಿಗೆ ಇಳಿದು ಅದರ ಗೋಡೆಯನ್ನು ಅರೆಯುತ್ತದೆ. ಆದುದರಿಂದ ನಾಲ್ಕು ಬಾಯಿಗಳನ್ನೂ ಒಂದು ಪೆಟ್ಟಿಗೆಯೊಳಗಿಟ್ಟು, ನೀರು ಸಿಡಿಯದ ಎತ್ತರದಿಂದ, ಎಂಜಿನಿನ ಕಾವು ತಟ್ಟದ ಕಡೆಯಿಂದ, ಸೋಸಿದ ಗಾಳಿಯನ್ನು ತರಬೇಕು.

ಉಕ್ಕಿನ ತಿರುಪುಗಳು ಅಲ್ಯುಮಿನಿಯಮ್ಮಿನಲ್ಲಿ ಕೂತಲ್ಲಿ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಬೇಗನೆ ಸವೆದು ಬಿಳಿಯ ಹುಡಿಯಾಗುತ್ತದೆ. ಅದೇ ಹುಡಿ ಕವಾಟದ ಕಡ್ಡಿಯ ಸಂದಿನಲ್ಲಿ ಕಟ್ಟಿಕೊಂಡರೆ ತೆರೆದ ಬಾಗಿಲು ಮುಚ್ಚದೆ ನಿಲ್ಲಬಹುದು. ಎರಡು ಸ್ಪ್ರಿಂಗುಗಳಿರಬೇಕೆಂದು ಮೇಲೆ ಹೇಳಿದುದರ ಕಾರಣ ಇದು. ಪ್ರತಿ ಮಳೆಗಾಲದ ಮುಂಚೆಯೂ ಅನಂತರವೂ ಕಡ್ಡಿಗಳನ್ನು ತೊಳೆದು, ನಾಲ್ಕು ಗಂಟಲುಗಳ ಸಮತೆಯನ್ನು ಮತ್ತೆ ಪರೀಕ್ಷಿಸುವುದು ಈ ಕರಾವಳಿಯಲ್ಲಿ ಅನಿವಾರ್ಯ.

8. ಪತ್ರ ಮತ್ತು ವಸ್ತು

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದವುಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಕಾಯಿದೆಗೆ ವಿರುದ್ಧವಾಗಿ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಗಾಳಿಯ ಏರ್ಪಾಡು ಬದಲಾದರೆ ಹೊಗೆಯ ಗುಣವೂ ಬದಲಾಗುವುದು. ಆದುದರಿಂದ ಇಂತಹ ಎಂಜಿನಿಗೆ ತಕ್ಕ ಸ್ಥಳವು ಸಾರ್ವಜನಿಕ ಹೆದ್ದಾರಿಯಲ್ಲ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಬಳಿಯ ಕರಿ ಸ್ಪೀಡ್‌ವೇಯಂತಹ ಪಂದ್ಯದ ಪಥ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಪಥಕ್ಕೆ ಸಿದ್ಧಪಡಿಸಿದ ಕಾರೂ ಕೈಬದಲಾಗಿ ಎಂದಾದರೊಂದು ದಿನ ರಸ್ತೆಗಿಳಿಯಬಹುದೆಂಬ ಎಚ್ಚರದಿಂದಲೇ ಘಟ್ಟದ ಮತ್ತು ಬ್ರೇಕಿನ ಮಾತನ್ನು ಮೇಲೆ ಬೆಳೆಸಿದ್ದೇವೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕಾಯಿದೆಯ ಹಿಂದಿರುವ ತತ್ತ್ವವು ಪರಿಚಿತವಾದುದೇ. ಶಾಸನವು ಒಂದನ್ನು ಹೇಳಿ ಕಟ್ಟಡವು ಇನ್ನೊಂದನ್ನು ತೋರಿಸಿದರೆ ನಾವು ಎರಡನ್ನೂ ಸಂದೇಹದಿಂದ ನೋಡುತ್ತೇವೆ. ಮಾರ್ಪಟ್ಟ ಯಂತ್ರದ ವಿಷಯದಲ್ಲಿಯೂ ಹಾಗೆಯೇ. ಆ ಕಾರು ನಾಳೆ ಬೇರೊಬ್ಬನ ಕೈಸೇರಿದಾಗ, ಬೂಸ್ಟರಿನ ನಿರ್ವಾತ ಎಲ್ಲಿಂದ ಬರುತ್ತದೆ, ಏಕಮುಖ ಕವಾಟ ಯಾವ ಸಂದಿನಲ್ಲಿದೆ, ಪೆಟ್ರೋಲಿನ ಪ್ರಮಾಣವನ್ನು ಯಾವ ಊರಿನಲ್ಲಿ, ಯಾವ ಋತುವಿನಲ್ಲಿ ಹೊಂದಿಸಲಾಯಿತು ಎಂಬುದನ್ನು ತಿಳಿಸುವ ಪತ್ರವೊಂದೂ ಇರುವುದಿಲ್ಲ. ಮಾಡಿದವನ ನೆನಪೇ ಅದರ ಏಕೈಕ ದಾಖಲೆ. ಆ ನೆನಪು ಅಳಿದ ದಿನ ಯಂತ್ರವು ಓದಲಾರದ ಲಿಪಿಯಾಗುತ್ತದೆ.

ಆದುದರಿಂದ ಈ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬನೂ ಒಂದು ಕಡತವನ್ನಿರಿಸತಕ್ಕದ್ದು. ಗಂಟಲಿನ ಅಗಲ, ಕೊಳವೆಯ ಉದ್ದ, ನಾಳಗಳ ಜಾಡು, ಸಮಗೊಳಿಸಿದ ದಿನಾಂಕ, ಅಂದಿನ ಉಷ್ಣತೆ ಮತ್ತು ವಾಯುಭಾರ, ಇವಿಷ್ಟನ್ನು ಅದರಲ್ಲಿ ಬರೆದು ಕಾರಿನ ಜೊತೆಗೇ ಬಿಡತಕ್ಕದ್ದು. ಕಾರವಾರ ಅಂಕೋಲೆಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರಿನ ಗ್ಯಾರೇಜುಗಳಿಗೂ ದೋಣಿಯ ಎಂಜಿನು ರಿಪೇರಿಯ ಅಂಗಡಿಗಳಿಗೂ ಹೋಗಿ, ಹಿರಿಯ ಕೆಲಸಗಾರರ ಬಾಯಿಂದ ಇಂತಹ ವಿವರಗಳನ್ನು ಬರೆದುಕೊಂಡರೆ ಕರಾವಳಿಯ ಯಂತ್ರಯುಗದ ಚರಿತ್ರೆಗೆ ಮೊದಲ ಆಕರಗಳು ಸಿದ್ಧವಾಗುವುವು. ಗಾಳಿಯನ್ನು ನಾಲ್ಕಾಗಿ ಹಂಚಿದ ಮೇಲೆ ಲೆಕ್ಕವನ್ನು ಒಂದೆಡೆ ಕೂಡಿಸಿ ಬರೆದಿಡುವುದು ಮೆಕ್ಯಾನಿಕ್ಕಿಗೂ ಇತಿಹಾಸಕಾರನಿಗೂ ಸಮಾನವಾದ ಕರ್ತವ್ಯ.